ವಿಡಿಯೊ ಕನ್ವರ್ಟ್ ಕೈಕೊಟ್ಟಾಗ: ಮೊದಲು ಫೈಲ್ ಒಳಗೆ ಇಣುಕಿ

ಪೆನ್‌ಡ್ರೈವ್‌ಗೆ ಹಾಕಿದ ವಿಡಿಯೊ ಟಿವಿಯಲ್ಲಿ ಓಡುವುದಿಲ್ಲ. ಇನ್ನೊಂದರಲ್ಲಿ ಚಿತ್ರ ಬರುತ್ತದೆ, ಶಬ್ದ ನಾಪತ್ತೆ. ಮತ್ತೊಂದನ್ನು ಕನ್ವರ್ಟ್ ಮಾಡಲು ಹಾಕಿ ಊಟ ಮುಗಿಸಿ ಬಂದರೆ ಅರ್ಧಕ್ಕೇ ನಿಂತಿರುತ್ತದೆ. ಆಗ ಹೆಚ್ಚಿನವರು ಮಾಡುವುದು ಒಂದೇ. 'ಫ್ರೀ ವಿಡಿಯೊ ಕನ್ವರ್ಟರ್' ಅಂತ ಹುಡುಕಿ, ಮೊದಲು ಕಂಡಿದ್ದನ್ನು ಇಳಿಸಿಕೊಂಡು, ಎಂಪಿ4 ಅಂತಿರುವ ಗುಂಡಿ ಒತ್ತಿ ಕಾಯುವುದು. ಅದೃಷ್ಟವಿದ್ದರೆ ಕೆಲಸ ಆಗುತ್ತದೆ. ಇಲ್ಲದಿದ್ದರೆ ವಿಡಿಯೊದ ಮೂಲೆಯಲ್ಲಿ ಯಾವುದೋ ಕಂಪನಿಯ ಮುದ್ರೆ, ಬ್ರೌಸರ್‌ನಲ್ಲಿ ಬೇಡದ ಜಾಹೀರಾತು, ಮೂಲ ತೊಂದರೆ ಹಾಗೇ.

ಮನೆ ಕಂಪ್ಯೂಟರ್‌ನಲ್ಲಿ ಎದುರಾಗುವ ಇಂಥ ತಕರಾರುಗಳಲ್ಲಿ ಎಷ್ಟೋ ಸಲ ಪೂರ್ತಿ ಕನ್ವರ್ಟ್ ಮಾಡುವ ಅಗತ್ಯವೇ ಇರುವುದಿಲ್ಲ. ತೊಡಕು ಎಲ್ಲಿದೆ ಅಂತ ಎರಡು ನಿಮಿಷ ನೋಡಿದರೆ ಗಂಟೆಗಟ್ಟಲೆ ಕಾಯುವುದು ತಪ್ಪುತ್ತದೆ. ಹಾಗಾಗಿ ಇಲ್ಲಿ ಮೊದಲು ನೋಡುವ ಕೆಲಸ, ಆಮೇಲೆ ಮಾಡುವ ಕೆಲಸ.

ಡಬ್ಬಿ ಬೇರೆ, ಒಳಗಿರುವುದು ಬೇರೆ

ಫೈಲ್ ಹೆಸರಿನ ಕೊನೆಯಲ್ಲಿರುವ ಎಂಪಿ4, ಎಂಕೆವಿ, ಎವಿಐ, ಎಂಒವಿ ಇವೆಲ್ಲ ಡಬ್ಬಿಯ ಹೆಸರು. ಟಿಫಿನ್ ಕ್ಯಾರಿಯರ್ ಅಂದುಕೊಳ್ಳಿ. ಒಂದು ಬಟ್ಟಲಲ್ಲಿ ಚಿತ್ರ, ಇನ್ನೊಂದರಲ್ಲಿ ಶಬ್ದ, ಮತ್ತೊಂದರಲ್ಲಿ ಸಬ್‌ಟೈಟಲ್. ಡಬ್ಬಿಗೆ ಕಂಟೇನರ್ ಅಂತಾರೆ. ಚಿತ್ರವನ್ನೂ ಶಬ್ದವನ್ನೂ ಕುಗ್ಗಿಸಿ ಇಟ್ಟಿರುವ ಬಗೆಗೆ ಕೋಡೆಕ್ ಅಂತಾರೆ.

ಎಂಪಿ4 ಅನ್ನುವ ಒಂದೇ ಡಬ್ಬಿಯಲ್ಲಿ 2003ರ ಎಚ್.264 ಚಿತ್ರ ಇರಬಹುದು, 2013ರ ಎಚ್.265 ಇರಬಹುದು, 2018ರ ಎವಿ1 ಕೂಡ ಇರಬಹುದು. ಹತ್ತು ಹನ್ನೆರಡು ವರ್ಷ ಹಳೆಯ ಎಷ್ಟೋ ಟಿವಿಗಳಿಗೆ ಮೊದಲನೆಯದು ಮಾತ್ರ ಗೊತ್ತಿರುತ್ತದೆ. 'ಎಂಪಿ4 ತಾನೇ, ಯಾಕೆ ಓಡ್ತಿಲ್ಲ?' ಅನ್ನುವ ಪ್ರಶ್ನೆಗೆ ಉತ್ತರ ಇಷ್ಟೇ. ಎಚ್.265ಕ್ಕೆ ಎಚ್‌ಇವಿಸಿ ಅಂತಲೂ ಹೆಸರಿದೆ, ಎಚ್.264ಕ್ಕೆ ಎವಿಸಿ ಅಂತ. ಸಾಫ್ಟ್‌ವೇರ್‌ಗಳಲ್ಲಿ ಎರಡೂ ಬಗೆಯ ಹೆಸರು ಕಾಣುತ್ತವೆ, ಗಾಬರಿಯಾಗಬೇಡಿ.

ಫೈಲ್ ಹೆಸರಿನ ಕೊನೆಯನ್ನು ಎಂಕೆವಿಯಿಂದ ಎಂಪಿ4 ಅಂತ ರಿನೇಮ್ ಮಾಡಿದರೆ ಏನೂ ಬದಲಾಗುವುದಿಲ್ಲ. ಡಬ್ಬಿಯ ಚೀಟಿ ಬದಲಾಗುತ್ತದೆ, ಅಷ್ಟೆ.

ಬೇಕಾಗುವ ಸಾಫ್ಟ್‌ವೇರ್

ಐದು ಸಾಕು, ಐದೂ ಬಿಟ್ಟಿ. ನೋಡಲು ವಿಎಲ್‌ಸಿ. ಒಳಗೇನಿದೆ ಅಂತ ತಿಳಿಯಲು ಮೀಡಿಯಾಇನ್ಫೋ. ಡಬ್ಬಿ ಬದಲಿಸಲು ಲಾಸ್‌ಲೆಸ್‌ಕಟ್. ಎಂಕೆವಿ ಫೈಲ್‌ಗಳ ರಿಪೇರಿಗೆ ಎಂಕೆವಿಟೂಲ್‌ನಿಕ್ಸ್. ನಿಜವಾಗಿ ಕನ್ವರ್ಟ್ ಮಾಡಲೇಬೇಕಾದಾಗ ಹ್ಯಾಂಡ್‌ಬ್ರೇಕ್.

ಇವನ್ನು ಆಯಾ ಸಾಫ್ಟ್‌ವೇರ್‌ನ ಸ್ವಂತ ತಾಣದಿಂದಲೇ ಇಳಿಸಿಕೊಳ್ಳಿ. ಹುಡುಕಾಟದಲ್ಲಿ ಮೇಲೆ ಬರುವ ಜಾಹೀರಾತು ಕೊಂಡಿ ಬೇಡ. ಹ್ಯಾಂಡ್‌ಬ್ರೇಕ್‌ನ ಡೌನ್‌ಲೋಡ್ ಸರ್ವರ್‌ಗಳಲ್ಲಿ ಒಂದಕ್ಕೇ 2017ರ ಮೇ ತಿಂಗಳಲ್ಲಿ ಯಾರೋ ನುಗ್ಗಿ, ಮ್ಯಾಕ್ ಕಂಪ್ಯೂಟರ್‌ಗಳ ಫೈಲ್‌ನ ಜಾಗದಲ್ಲಿ ಮಾಲ್‌ವೇರ್ ಇಟ್ಟಿದ್ದರು. ಆ ತಂಡ ತಾನೇ ಅದನ್ನು ಹೇಳಿ ಎಚ್ಚರಿಸಿತು. ಅಷ್ಟು ಹೆಸರಿರುವ ಕಡೆಯೇ ಹೀಗಾದರೆ, ಹೆಸರೇ ಕೇಳಿರದ ತಾಣಗಳ ಕಥೆ ನೀವೇ ಊಹಿಸಿ.

ಆನ್‌ಲೈನ್ ಕನ್ವರ್ಟರ್‌ಗಳ ಬಗ್ಗೆ ನನಗೆ ಒಲವಿಲ್ಲ. ಮನೆಯವರ ಮದುವೆ, ಮಗುವಿನ ಸ್ನಾನ, ಅಜ್ಜಿಯ ಕೊನೆಯ ವಿಡಿಯೊ ಇವನ್ನೆಲ್ಲ ಗುರುತಿಲ್ಲದ ಸರ್ವರ್‌ಗೆ ಯಾಕೆ ಕೊಡಬೇಕು? ಅದೂ ನಮ್ಮದೇ ಇಂಟರ್‌ನೆಟ್ ಖರ್ಚು ಮಾಡಿ.

ವಿಂಡೋಸ್‌ನಲ್ಲಿ ಹ್ಯಾಂಡ್‌ಬ್ರೇಕ್ ತೆರೆಯುವುದೇ ಇಲ್ಲ ಅಂದರೆ ಮೈಕ್ರೋಸಾಫ್ಟ್‌ನ ಡಾಟ್‌ನೆಟ್ ಡೆಸ್ಕ್‌ಟಾಪ್ ರನ್‌ಟೈಮ್ ಇಲ್ಲದಿರುವುದು ಸಾಮಾನ್ಯ ಕಾರಣ. ಅದನ್ನು ಹಾಕಿಕೊಂಡರೆ ಸರಿಹೋಗುತ್ತದೆ.

ಹಂತ 1: ಒಳಗೆ ಇಣುಕಿ

ತೊಂದರೆ ಕೊಡುತ್ತಿರುವ ಫೈಲನ್ನು ಮೊದಲು ವಿಎಲ್‌ಸಿಯಲ್ಲಿ ಹಾಕಿ ನೋಡಿ. ಅಲ್ಲಿ ಚೆನ್ನಾಗಿ ಓಡಿದರೆ ಫೈಲ್ ಸರಿಯಿದೆ, ತಕರಾರು ಟಿವಿಯದ್ದೋ ಇನ್ನೊಂದು ಪ್ಲೇಯರ್‌ನದ್ದೋ. ವಿಎಲ್‌ಸಿಯಲ್ಲೂ ಕೆಟ್ಟಿದ್ದರೆ ಫೈಲೇ ಹಾಳಾಗಿರುವ ಸಾಧ್ಯತೆ ಜಾಸ್ತಿ. ಆಗ ಕನ್ವರ್ಟ್ ಮಾಡುವುದರಿಂದ ಏನೂ ಸಿಗುವುದಿಲ್ಲ. ಅದರ ದಾರಿ ಬೇರೆ, ಕೊನೆಯಲ್ಲಿ ಹೇಳಿದ್ದೇನೆ.

ಈಗ ಮೀಡಿಯಾಇನ್ಫೋದಲ್ಲಿ ತೆರೆಯಿರಿ. ಅದು ಉದ್ದದ ಪಟ್ಟಿ ಕೊಡುತ್ತದೆ. ಎಲ್ಲ ಓದಬೇಕಿಲ್ಲ. ವಿಡಿಯೊ ಭಾಗದಲ್ಲಿ ಕೋಡೆಕ್ ಯಾವುದು, ಬಿಟ್ ಡೆಪ್ತ್ (ಬಣ್ಣದ ಸೂಕ್ಷ್ಮತೆಯ ಅಳತೆ) 8 ಇದೆಯೋ 10 ಇದೆಯೋ, ಫ್ರೇಮ್ ರೇಟ್ (ಸೆಕೆಂಡಿಗೆ ಎಷ್ಟು ಚಿತ್ರ ಅನ್ನುವುದು) ಮೋಡ್ ಕಾನ್‌ಸ್ಟಂಟೋ ವೇರಿಯಬಲ್ಲೋ, ಸ್ಕ್ಯಾನ್ ಟೈಪ್ ಪ್ರೊಗ್ರೆಸಿವ್ವೋ (ಇಡೀ ಫ್ರೇಮ್ ಒಟ್ಟಿಗೆ) ಇಂಟರ್‌ಲೇಸ್ಡೋ (ಎರಡು ಅರ್ಧವಾಗಿ) ನೋಡಿ. ಎಚ್‌ಡಿಆರ್ (ಬೆಳಕು, ಬಣ್ಣದ ಹರವು ಹೆಚ್ಚಿರುವ ವಿಡಿಯೊ) ಅನ್ನುವ ಸಾಲು ಇದ್ದರೆ ಗುರುತು ಹಾಕಿಕೊಳ್ಳಿ. ಆಡಿಯೊ ಭಾಗದಲ್ಲಿ ಎಎಸಿ, ಎಸಿ-3, ಡಿಟಿಎಸ್, ಪಿಸಿಎಂ ಇವುಗಳಲ್ಲಿ ಯಾವುದು ಅಂತ ನೋಡಿ. ಮುಂದೆ ಬರುವ ಹಲವು ತೊಂದರೆಗಳು ಈ ಸಾಲುಗಳಲ್ಲಿ ಒಂದಕ್ಕೆ ಅಂಟಿಕೊಂಡಿವೆ.

ಹೋಲಿಸಿ ನೋಡಲು ಒಂದು ಅಳತೆ ಬೇಕಲ್ವಾ? ಎಂಪಿ4 ಡಬ್ಬಿ, ಎಚ್.264 ಚಿತ್ರ, 8 ಬಿಟ್, 1080ಪಿ ಅಥವಾ ಅದಕ್ಕಿಂತ ಕಡಿಮೆ, ಸೆಕೆಂಡಿಗೆ 30 ಫ್ರೇಮ್ ಒಳಗೆ, ಎಎಸಿ ಸ್ಟೀರಿಯೊ ಶಬ್ದ. ಇಷ್ಟಿದ್ದರೆ ಹಳೆಯ ಟಿವಿ, ಫೋನ್, ಕಾರಿನ ಸ್ಕ್ರೀನ್, ಹೆಚ್ಚುಕಡಿಮೆ ಎಲ್ಲದರಲ್ಲೂ ಓಡುತ್ತದೆ. ನಿಮ್ಮ ಫೈಲ್ ಇದರಿಂದ ಎಲ್ಲಿ ಬೇರೆಯಾಗಿದೆಯೋ ಅಲ್ಲೇ ತೊಡಕು.

ಹಂತ 2: ಡಬ್ಬಿ ಬದಲಿಸಿದರೆ ಸಾಕಾ?

ಒಳಗಿರುವುದು ಎಚ್.264 ಮತ್ತು ಎಎಸಿ, ಡಬ್ಬಿ ಮಾತ್ರ ಎಂಕೆವಿ ಅಂತಿಟ್ಟುಕೊಳ್ಳಿ. ಇದನ್ನು ಮತ್ತೆ ಎನ್‌ಕೋಡ್ ಮಾಡುವುದು, ಅಂದರೆ ಬಿಚ್ಚಿ ಹೊಸದಾಗಿ ಕುಗ್ಗಿಸುವುದು, ದಂಡ. ಲಾಸ್‌ಲೆಸ್‌ಕಟ್ ತೆರೆದು ಫೈಲನ್ನು ಅದರ ಮೇಲೆ ಎಳೆದು ಬಿಡಿ. ಔಟ್‌ಪುಟ್ ಫಾರ್ಮ್ಯಾಟ್‌ನಲ್ಲಿ ಎಂಪಿ4 ಆರಿಸಿ. ಎಲ್ಲೂ ಕತ್ತರಿಸದೆ ಎಕ್ಸ್‌ಪೋರ್ಟ್ ಒತ್ತಿ. ಚಿತ್ರವನ್ನು ಬಿಚ್ಚಿ ಮತ್ತೆ ಕಟ್ಟುವ ಕೆಲಸವೇ ಇಲ್ಲದ್ದರಿಂದ, ಫೈಲ್ ಕಾಪಿ ಮಾಡಲು ಎಷ್ಟು ಹೊತ್ತೋ ಅಷ್ಟರಲ್ಲೇ ಮುಗಿಯುತ್ತದೆ. ಗುಣಮಟ್ಟ ಕೂದಲೆಳೆಯಷ್ಟೂ ಇಳಿಯುವುದಿಲ್ಲ.

ಇದಕ್ಕೆ ರೀಮಕ್ಸ್ ಅಂತಾರೆ. ಹ್ಯಾಂಡ್‌ಬ್ರೇಕ್ ಈ ಕೆಲಸ ಮಾಡುವುದಿಲ್ಲ. ಅದಕ್ಕೆ ಏನು ಕೊಟ್ಟರೂ ಚಿತ್ರವನ್ನು ಪೂರ್ತಿ ಮರು-ಎನ್‌ಕೋಡ್ ಮಾಡಿಯೇ ತೀರುತ್ತದೆ. ಎಷ್ಟೋ ಜನ ಗೊತ್ತಿಲ್ಲದೆ ಇಲ್ಲೇ ಗಂಟೆಗಳನ್ನು ಕಳೆಯುತ್ತಾರೆ.

ಎಕ್ಸ್‌ಪೋರ್ಟ್ ಎರರ್ ಕೊಟ್ಟರೆ ಸಾಮಾನ್ಯವಾಗಿ ಎಂಪಿ4 ಒಪ್ಪದ ಸಬ್‌ಟೈಟಲ್ ಒಳಗಿರುತ್ತದೆ. ಟ್ರ್ಯಾಕ್ ಪಟ್ಟಿಯಲ್ಲಿ ಅದನ್ನು ಆಫ್ ಮಾಡಿ ಮತ್ತೆ ಒತ್ತಿ.

ಶಬ್ದ ಮಾತ್ರ ಇಲ್ಲ

ಕಂಪ್ಯೂಟರ್‌ನಲ್ಲಿ ಕೇಳಿಸುತ್ತದೆ, ಟಿವಿಯಲ್ಲೋ ಫೋನಿನಲ್ಲೋ ಇಲ್ಲ ಅಂದರೆ ಆಡಿಯೊ ಹೆಚ್ಚಾಗಿ ಎಸಿ-3 ಅಥವಾ ಡಿಟಿಎಸ್ ಆಗಿರುತ್ತದೆ. ಡಿಟಿಎಸ್‌ಗೆ ಲೈಸೆನ್ಸ್ ಬೇಕು, ಎಸಿ-3ಕ್ಕೂ ಬಹುಕಾಲ ಬೇಕಿತ್ತು. ತಯಾರಕರು ದುಡ್ಡು ಉಳಿಸಲು ಕೆಲವು ಮಾಡೆಲ್‌ಗಳಲ್ಲಿ ಕೈಬಿಡುತ್ತಾರೆ. ಚಿತ್ರ ಸರಿಯಿರುವುದರಿಂದ ಶಬ್ದವನ್ನಷ್ಟೇ ಬದಲಿಸಿದರೆ ಆಯಿತು.

ವಿಎಲ್‌ಸಿಯಲ್ಲಿ ಮೀಡಿಯಾ ಮೆನು, ಅದರಲ್ಲಿ ಕನ್ವರ್ಟ್ / ಸೇವ್. ಫೈಲ್ ಸೇರಿಸಿ, ಪ್ರೊಫೈಲ್ ಪಕ್ಕದ ಸ್ಪ್ಯಾನರ್ ಚಿತ್ರ ಒತ್ತಿ. ವಿಡಿಯೊ ಕೋಡೆಕ್ ಪುಟದಲ್ಲಿ 'ಕೀಪ್ ಒರಿಜಿನಲ್ ವಿಡಿಯೊ ಟ್ರ್ಯಾಕ್' ಗುರುತು ಹಾಕಿ. ಆಡಿಯೊ ಕೋಡೆಕ್ ಪುಟದಲ್ಲಿ ಎಎಸಿ, 2 ಚಾನೆಲ್ ಕೊಡಿ. ಮುಗಿದ ಮೇಲೆ ವಿಡಿಯೊದ ಕೊನೆಯ ಭಾಗ ತಪ್ಪದೆ ನೋಡಿ. ವಿಎಲ್‌ಸಿ ಒಳ್ಳೆಯ ಪ್ಲೇಯರ್, ಆದರೆ ಕನ್ವರ್ಟ್ ಮಾಡುವಾಗ ಶಬ್ದವನ್ನೂ ಚಿತ್ರವನ್ನೂ ಆಗಾಗ ತಾಳ ತಪ್ಪಿಸುತ್ತದೆ. ಹಾಗಾದರೆ ಹ್ಯಾಂಡ್‌ಬ್ರೇಕ್‌ಗೆ ಹೋಗದೆ ವಿಧಿಯಿಲ್ಲ.

ಹಂತ 3: ಕನ್ವರ್ಟ್ ಮಾಡಲೇಬೇಕಾದಾಗ

ಹ್ಯಾಂಡ್‌ಬ್ರೇಕ್ ತೆರೆದು ಫೈಲ್ ಕೊಡಿ. ಪ್ರಿಸೆಟ್‌ನಲ್ಲಿ (ಸಿದ್ಧ ಸೆಟ್ಟಿಂಗ್‌ಗಳ ಪಟ್ಟಿ) 'ಫಾಸ್ಟ್ 1080ಪಿ30' ಆರಿಸಿ. ಮೇಲೆ ಹೇಳಿದ ಎಲ್ಲ ಕಡೆ ಓಡುವ ಅಳತೆ ಇದರಲ್ಲೇ ಇದೆ. ನಂತರ ವಿಡಿಯೊ ಪುಟಕ್ಕೆ ಹೋಗಿ ಫ್ರೇಮ್ ರೇಟ್ 'ಸೇಮ್ ಆ್ಯಸ್ ಸೋರ್ಸ್', ಅದರ ಕೆಳಗೆ 'ಕಾನ್‌ಸ್ಟಂಟ್ ಫ್ರೇಮ್‌ರೇಟ್' ಮಾಡಿ. ನಿಮ್ಮ ವಿಡಿಯೊ ಸೆಕೆಂಡಿಗೆ 60 ಫ್ರೇಮ್‌ನದ್ದಾಗಿದ್ದು ಟಿವಿ ಹಳೆಯದಾಗಿದ್ದರೆ ಮಾತ್ರ 30 ಅಂತ ಕೈಯಾರೆ ಕೊಡಿ.

ಗುಣಮಟ್ಟಕ್ಕೆ ಒಂದು ಸ್ಲೈಡರ್ ಇದೆ. ಅದರ ಸಂಖ್ಯೆಗೆ ಆರ್‌ಎಫ್ ಅಂತಾರೆ. ಇದು ಉಲ್ಟಾ ಲೆಕ್ಕ: ಸಂಖ್ಯೆ ಕಡಿಮೆಯಾದಷ್ಟೂ ಚಿತ್ರ ಚೆನ್ನ, ಫೈಲ್ ದೊಡ್ಡದು. ಹ್ಯಾಂಡ್‌ಬ್ರೇಕ್‌ನವರು ಹೇಳುವ ಪ್ರಕಾರ ಡಿವಿಡಿ ಅಳತೆಯ ವಿಡಿಯೊಗೆ 18ರಿಂದ 22, 720ಪಿಗೆ 19ರಿಂದ 23, 1080ಪಿಗೆ 20ರಿಂದ 24. ಸೊನ್ನೆಗೆ ಎಳೆದರೆ ಚಿತ್ರ ಇನ್ನೂ ಚೆನ್ನಾಗಿ ಬರುತ್ತದೆ ಅನ್ನುವುದು ಭ್ರಮೆ. ಮೂಲದಲ್ಲಿ ಇಲ್ಲದ್ದು ಎಲ್ಲಿಂದ ಬರಬೇಕು? ಫೈಲ್ ಮಾತ್ರ ಮೂಲಕ್ಕಿಂತ ಎಷ್ಟೋ ಪಟ್ಟು ಊದಿಕೊಳ್ಳುತ್ತದೆ. 'ಕನ್ವರ್ಟ್ ಮಾಡಿದ ಮೇಲೆ ಸೈಜ್ ಜಾಸ್ತಿಯಾಯ್ತು' ಅನ್ನುವ ದೂರಿನ ಹಿಂದೆ ಹೆಚ್ಚಾಗಿ ಇದೇ ಇರುತ್ತದೆ.

ಸೈಜಿನ ಲೆಕ್ಕ ಸುಲಭ. ಬಿಟ್‌ರೇಟನ್ನು (ಒಂದು ಸೆಕೆಂಡಿನ ವಿಡಿಯೊಗೆ ಎಷ್ಟು ಬಿಟ್ ಅನ್ನುವುದು) ಸಮಯದಿಂದ ಗುಣಿಸಬೇಕು. ಸೆಕೆಂಡಿಗೆ 8 ಮೆಗಾಬಿಟ್ ಅಂದರೆ 1 ಮೆಗಾಬೈಟ್. ಒಂದು ಗಂಟೆಗೆ 3600 ಸೆಕೆಂಡ್, ಹಾಗಾಗಿ ಸುಮಾರು 3.6 ಜಿಬಿ.

ಸ್ಟಾರ್ಟ್ ಒತ್ತುವ ಮೊದಲು ಒಂದು ಕೆಲಸ. ಮೇಲೆ ಚಾಪ್ಟರ್ಸ್ ಅಂತಿರುವ ಕಡೆ ಸೆಕೆಂಡ್ಸ್ ಆರಿಸಿ, 600ರಿಂದ 660 ಅಂತ ಕೊಡಿ. ಒಂದು ನಿಮಿಷ ಮಾತ್ರ ಕನ್ವರ್ಟ್ ಆಗುತ್ತದೆ. ಜನ ಓಡಾಡುವ, ಗದ್ದಲ ಇರುವ ಜಾಗ ಆರಿಸಿಕೊಳ್ಳಿ, ದೋಷ ಬೇಗ ಕಾಣುತ್ತದೆ. ಅದನ್ನು ಪೆನ್‌ಡ್ರೈವ್‌ಗೆ ಹಾಕಿ ಅದೇ ಟಿವಿಯಲ್ಲಿ ನೋಡಿ. ಸರಿಯಿದ್ದರೆ ಪೂರ್ತಿಯದ್ದನ್ನು ಹಾಕಿ ಮಲಗಿ.

ಮದುವೆ ಡಿವಿಡಿ

ನಮ್ಮ ಮನೆಗಳಲ್ಲಿ ಅತಿ ಹೆಚ್ಚು ಗೋಳು ಕೊಡುವುದು ಇದೇ. ಬೀರುವಿನಲ್ಲಿ ನಾಲ್ಕು ಡಿವಿಡಿ, ಮೇಲೆ ಮದುಮಕ್ಕಳ ಫೋಟೊ, ಒಳಗೆ ಹೂವು ಉದುರುವ ಎಫೆಕ್ಟ್. ಡಿವಿಡಿ ಪ್ಲೇಯರ್ ಮೂಲೆ ಸೇರಿದೆ, ಲ್ಯಾಪ್‌ಟಾಪ್‌ನಲ್ಲಿ ಡ್ರೈವೇ ಇಲ್ಲ. ಯುಎಸ್‌ಬಿ ಡಿವಿಡಿ ಡ್ರೈವ್ ಕೊಳ್ಳಿ, ಇಲ್ಲವೇ ಯಾರ ಹತ್ತಿರವಾದರೂ ಕೇಳಿ ತನ್ನಿ. ತಡ ಮಾಡಬೇಡಿ. ಅಂಗಡಿಯಲ್ಲಿ ಬರೆದು ಕೊಟ್ಟ ಡಿಸ್ಕ್‌ಗಳಲ್ಲಿ ಮಾಹಿತಿ ನಿಂತಿರುವುದು ಬಣ್ಣದ ಒಂದು ಪದರದ ಮೇಲೆ. ಬಿಸಿಲು, ತೇವ, ವಯಸ್ಸು ಮೂರೂ ಅದನ್ನು ಕೆಡಿಸುತ್ತವೆ.

ಮೊದಲು ಇಡೀ ಡಿಸ್ಕನ್ನು ಹಾರ್ಡ್ ಡಿಸ್ಕ್‌ಗೆ ಕಾಪಿ ಮಾಡಿ. ಡಿಸ್ಕಿನಿಂದ ನೇರವಾಗಿ ಕನ್ವರ್ಟ್ ಮಾಡಿದರೆ ಒಂದು ಗೀರು ಸಿಕ್ಕಿದಾಗ ಎಲ್ಲ ನಿಲ್ಲುತ್ತದೆ. ಕಾಪಿಯೇ ನಿಂತರೆ ಡಿಸ್ಕನ್ನು ಮೆತ್ತನೆ ಬಟ್ಟೆಯಿಂದ ನಡುವಿನಿಂದ ಅಂಚಿಗೆ ನೇರವಾಗಿ ಒರೆಸಿ, ಸುತ್ತಲೂ ತಿಕ್ಕಬೇಡಿ. ಇನ್ನೊಂದು ಡ್ರೈವ್‌ನಲ್ಲಿ ಹಾಕಿ ನೋಡಿ. ಒಂದು ಡ್ರೈವ್ ಓದದ್ದನ್ನು ಇನ್ನೊಂದು ಓದುವುದುಂಟು.

ಒಳಗೆ ವಿಡಿಯೊ_ಟಿಎಸ್ ಅನ್ನುವ ಫೋಲ್ಡರ್ ಇರುತ್ತದೆ. ಅದರಲ್ಲಿ ವಿಒಬಿ ಫೈಲ್‌ಗಳು, ಒಂದೊಂದೂ 1 ಜಿಬಿ ಮೀರುವುದಿಲ್ಲ. ಡಿವಿಡಿಯ ನಿಯಮವೇ ಹಾಗೆ. ಒಂದು ವಿಒಬಿ ಎತ್ತಿ ಕನ್ವರ್ಟ್ ಮಾಡಿದರೆ ಧಾರೆ ಎರೆಯುವ ಹೊತ್ತಿಗೆ ವಿಡಿಯೊ ಮುಗಿದುಹೋಗುತ್ತದೆ. ಹ್ಯಾಂಡ್‌ಬ್ರೇಕ್‌ಗೆ ಇಡೀ ಫೋಲ್ಡರನ್ನೇ ಕೊಡಿ. ಅದು ಟೈಟಲ್‌ಗಳ ಪಟ್ಟಿ ತೋರಿಸುತ್ತದೆ. ಅತಿ ಉದ್ದದ್ದನ್ನು ಆರಿಸಿ. ಚಿಕ್ಕವು ಮೆನುವಿನ ತುಣುಕುಗಳು.

ಇನ್ನು ಬಾಚಣಿಗೆ ಗೆರೆಗಳ ವಿಷಯ. ಯಾರಾದರೂ ಕೈ ಬೀಸಿದಾಗ ಅಂಚಿನಲ್ಲಿ ಅಡ್ಡ ಗೆರೆಗಳು ಹಲ್ಲಿನಂತೆ ಕಾಣುತ್ತವೆ. ಇದು ಕನ್ವರ್ಟರ್‌ನ ತಪ್ಪಲ್ಲ. ನಮ್ಮ ದೇಶದ ಡಿವಿಡಿಗಳು ಪಾಲ್ ಪದ್ಧತಿಯವು. ಚಿತ್ರದ ಅಳತೆ 720×576, ಸೆಕೆಂಡಿಗೆ 25 ಫ್ರೇಮ್. ಕ್ಯಾಮೆರಾ ಪ್ರತಿ ಫ್ರೇಮನ್ನೂ ಎರಡು ಅರ್ಧ ಮಾಡಿ, ಬೆಸ ಸಾಲುಗಳನ್ನು ಒಮ್ಮೆ, ಸಮ ಸಾಲುಗಳನ್ನು ಇನ್ನೊಮ್ಮೆ ಹಿಡಿಯುತ್ತಿತ್ತು. ಡಬ್ಬದಂಥ ಹಳೆಯ ಟಿವಿಗೆ ಅದು ಸರಿಯಾಗಿತ್ತು. ಈಗಿನ ಸ್ಕ್ರೀನು ಎರಡನ್ನೂ ಒಟ್ಟಿಗೆ ತೋರಿಸುವುದರಿಂದ, ಆ ನಡುವೆ ಸರಿದ ಕೈ ಎರಡು ಕಡೆ ಕಾಣುತ್ತದೆ.

ಹ್ಯಾಂಡ್‌ಬ್ರೇಕ್‌ನ ಫಿಲ್ಟರ್ಸ್ ಪುಟದಲ್ಲಿ ಡೀಇಂಟರ್‌ಲೇಸ್ ಎದುರು ಯಾಡಿಫ್ ಅಥವಾ ಬಿಡಬ್ಲ್ಯೂಡಿಫ್ ಆರಿಸಿ. ಆ ಫಿಲ್ಟರ್‌ನ ಪ್ರಿಸೆಟ್‌ನಲ್ಲಿ ಬಾಬ್ ಅಂತ ಕೊಟ್ಟರೆ ಎರಡೂ ಅರ್ಧಗಳು ಬೇರೆ ಬೇರೆ ಫ್ರೇಮ್ ಆಗಿ, ಸೆಕೆಂಡಿಗೆ 50 ಫ್ರೇಮ್ ಬರುತ್ತವೆ. ಡೊಳ್ಳು ಕುಣಿತ, ವಾಲಗದ ಮೆರವಣಿಗೆ ಇವೆಲ್ಲ ಮೂಲದಷ್ಟೇ ನಯವಾಗಿ ಕಾಣುತ್ತವೆ. ಆದರೆ ಫ್ರೇಮ್ ರೇಟನ್ನು 'ಸೇಮ್ ಆ್ಯಸ್ ಸೋರ್ಸ್' ಮಾಡಿರಬೇಕು. 'ಫಾಸ್ಟ್ 1080ಪಿ30' ಪ್ರಿಸೆಟ್‌ನ 30ರ ಮಿತಿ ಹಾಗೇ ಉಳಿದರೆ ಕೆಲವು ಫ್ರೇಮ್ ಬಿದ್ದುಹೋಗಿ ನಡಿಗೆ ಕುಂಟುತ್ತದೆ.

ಡೈಮೆನ್ಷನ್ಸ್ ಪುಟದಲ್ಲಿ ಅನಮಾರ್ಫಿಕ್ ಆಟೊ ಇರಲಿ. ಇಲ್ಲದಿದ್ದರೆ ಎಲ್ಲರೂ ದಪ್ಪಗಾಗುತ್ತಾರೆ ಅಥವಾ ತೆಳ್ಳಗಾಗುತ್ತಾರೆ. 1080ಪಿಗೆ ಹಿಗ್ಗಿಸಬೇಡಿ, ಆ ಕೆಲಸ ಟಿವಿ ತಾನೇ ಮಾಡಿಕೊಳ್ಳುತ್ತದೆ. ವಿಎಚ್‌ಎಸ್ ಕ್ಯಾಸೆಟ್‌ನಿಂದ ಬಂದ ಡಿವಿಡಿಯಾದರೆ ತುಂಬ ಕಾಳುಕಾಳು ಇರುತ್ತದೆ. ಡೀನಾಯ್ಸ್‌ನಲ್ಲಿ ಎಚ್‌ಕ್ಯೂಡಿಎನ್3ಡಿ ಲೈಟ್ ಹಾಕಿ. ಫೈಲೂ ಚಿಕ್ಕದಾಗುತ್ತದೆ, ಯಾಕೆಂದರೆ ಎನ್‌ಕೋಡರ್ ಆ ಕಾಳುಗಳನ್ನು ಉಳಿಸಲು ಬಿಟ್ ಸುರಿಯಬೇಕಿಲ್ಲ. ಜಾಸ್ತಿ ಹಾಕಿದರೆ ಮುಖಗಳು ಮೇಣದ ಗೊಂಬೆಯ ಹಾಗಾಗುತ್ತವೆ.

ಅಂಗಡಿಯಲ್ಲಿ ಕೊಂಡ ಸಿನಿಮಾ ಡಿವಿಡಿ ಹ್ಯಾಂಡ್‌ಬ್ರೇಕ್‌ನಲ್ಲಿ ತೆರೆಯದಿದ್ದರೆ ಅದಕ್ಕೆ ಬೀಗ ಇದೆ ಅಂತ ಅರ್ಥ. ಹ್ಯಾಂಡ್‌ಬ್ರೇಕ್ ಬೀಗ ಒಡೆಯುವುದಿಲ್ಲ. 2012ರ ತಿದ್ದುಪಡಿಯಲ್ಲಿ ಸೇರಿದ ಕಾಪಿರೈಟ್ ಕಾಯ್ದೆಯ 65ಎ ಕಲಂ ಇಂಥ ಬೀಗಗಳ ಬಗ್ಗೆಯೇ ಇದೆ.

ತುಟಿ ಒಂದು ಕಡೆ, ಮಾತು ಇನ್ನೊಂದು ಕಡೆ

ಶಬ್ದ ಚಿತ್ರ ಹೊಂದದಿದ್ದರೆ ಮೊದಲು ಒಂದು ಪರೀಕ್ಷೆ. ವಿಡಿಯೊದ ಶುರುವಿನಲ್ಲಿ ಎಷ್ಟು ವ್ಯತ್ಯಾಸ ಇದೆ, ಕೊನೆಯಲ್ಲಿ ಎಷ್ಟು ಇದೆ ನೋಡಿ.

ಎರಡು ಕಡೆಯೂ ಒಂದೇ ಆಗಿದ್ದರೆ ಸುಲಭ. ವಿಎಲ್‌ಸಿಯಲ್ಲಿ ಜೆ ಮತ್ತು ಕೆ ಕೀಲಿಗಳು ಶಬ್ದವನ್ನು 50 ಮಿಲಿಸೆಕೆಂಡ್‌ನಂತೆ ಹಿಂದೆ ಮುಂದೆ ಸರಿಸುತ್ತವೆ. ಯಾವ ಸಂಖ್ಯೆಗೆ ಸರಿಹೊಂದಿತು ಅಂತ ಬರೆದಿಟ್ಟುಕೊಳ್ಳಿ. ಎಂಕೆವಿಟೂಲ್‌ನಿಕ್ಸ್‌ನಲ್ಲಿ ಫೈಲ್ ತೆರೆದು, ಆಡಿಯೊ ಟ್ರ್ಯಾಕ್ ಆರಿಸಿ, ಡಿಲೇ ಅನ್ನುವ ಜಾಗದಲ್ಲಿ ಅದೇ ಸಂಖ್ಯೆ ಕೊಟ್ಟು ಸೇವ್ ಮಾಡಿ. ಎನ್‌ಕೋಡಿಂಗ್ ಇಲ್ಲದೆ ಮುಗಿಯಿತು.

ಶುರುವಿನಲ್ಲಿ ಸರಿಯಿದ್ದು ಹೋಗುತ್ತಾ ಹೋಗುತ್ತಾ ಅಂತರ ಬೆಳೆದರೆ ಕಥೆ ಬೇರೆ. ಹೆಚ್ಚಾಗಿ ಅದು ಫೋನ್‌ನಲ್ಲಿ ತೆಗೆದ ವಿಡಿಯೊ. ಬೆಳಕು ಕಡಿಮೆಯಾದಾಗ, ಫೋನ್ ಬಿಸಿಯಾದಾಗ ಅದು ಸೆಕೆಂಡಿಗೆ 30ರ ಬದಲು 27, 24 ಹೀಗೆ ಫ್ರೇಮ್ ಹಿಡಿಯುತ್ತದೆ. ಫೋನಿನಲ್ಲೇ ನೋಡಿದರೆ ಗೊತ್ತಾಗುವುದಿಲ್ಲ. ಎಡಿಟಿಂಗ್ ಸಾಫ್ಟ್‌ವೇರ್‌ಗೆ ಹಾಕಿದಾಗ ಅದು ಎಲ್ಲವನ್ನೂ 30 ಅಂತ ಲೆಕ್ಕ ಹಿಡಿಯುತ್ತದೆ, ಚಿತ್ರ ಮುಂದೆ ಓಡುತ್ತದೆ. ಮೀಡಿಯಾಇನ್ಫೋದಲ್ಲಿ ವೇರಿಯಬಲ್ ಅಂತ ಕಂಡಿತ್ತಲ್ವಾ, ಅದೇ ಇದು. ಇಂಥ ಫೈಲನ್ನು ಎಡಿಟ್ ಮಾಡುವ ಮೊದಲೇ ಹ್ಯಾಂಡ್‌ಬ್ರೇಕ್‌ನಲ್ಲಿ ಫ್ರೇಮ್ ರೇಟ್ 30, ಕಾನ್‌ಸ್ಟಂಟ್ ಅಂತ ಕೊಟ್ಟು, ಆರ್‌ಎಫ್ 18ರ ಆಸುಪಾಸು ಇಟ್ಟು ಕನ್ವರ್ಟ್ ಮಾಡಿಕೊಳ್ಳಿ. ಯಕ್ಷಗಾನ ರಾತ್ರಿಯಿಡೀ ರೆಕಾರ್ಡ್ ಮಾಡುವವರಿಗೆ ಇದು ತೀರಾ ಮುಖ್ಯ. ಐದು ನಿಮಿಷದ ವಿಡಿಯೊದಲ್ಲಿ ಕಾಣದ ಅಂತರ ಮೂರು ಗಂಟೆಯದರಲ್ಲಿ ಭಾಗವತರ ಹಾಡನ್ನೂ ವೇಷದ ಹೆಜ್ಜೆಯನ್ನೂ ಪೂರ್ತಿ ಬೇರೆ ಮಾಡಿಬಿಡುತ್ತದೆ.

ಐಫೋನ್ ವಿಡಿಯೊ: ಓಡದು, ಓಡಿದರೂ ಬಣ್ಣ ಬಿಳಿಚು

2017ರ ಐಒಎಸ್ 11ರಿಂದ ಐಫೋನ್‌ಗಳು ಎಚ್‌ಇವಿಸಿಯಲ್ಲಿ ರೆಕಾರ್ಡ್ ಮಾಡುತ್ತವೆ. ಸೆಟ್ಟಿಂಗ್ಸ್, ಕ್ಯಾಮೆರಾ, ಫಾರ್ಮ್ಯಾಟ್ಸ್ ಒಳಗೆ 'ಮೋಸ್ಟ್ ಕಂಪ್ಯಾಟಿಬಲ್' ಮಾಡಿಟ್ಟರೆ ಮುಂದಿನ ವಿಡಿಯೊಗಳು ಎಚ್.264 ಆಗಿರುತ್ತವೆ. ಈಗಾಗಲೇ ಇರುವುದನ್ನು ಕನ್ವರ್ಟ್ ಮಾಡಬೇಕು.

2020ರ ಐಫೋನ್ 12ರಿಂದ ಎಚ್‌ಡಿಆರ್ ಬೇರೆ ಬಂತು. ಅದನ್ನು ಸಾಮಾನ್ಯ ವಿಡಿಯೊ ಅಂತ ಕನ್ವರ್ಟ್ ಮಾಡಿದರೆ ಮೈಬಣ್ಣ ಬೂದಿಯಾಗಿ, ರೇಷ್ಮೆ ಸೀರೆ ಒಗೆದು ಬಣ್ಣ ಬಿಟ್ಟಂತೆ ಕಾಣುತ್ತದೆ. ಹ್ಯಾಂಡ್‌ಬ್ರೇಕ್‌ನ ಫಿಲ್ಟರ್ಸ್‌ನಲ್ಲಿ ಕಲರ್‌ಸ್ಪೇಸ್ ಎದುರು ಬಿಟಿ.709 (ಸಾಮಾನ್ಯ ವಿಡಿಯೊದ ಬಣ್ಣದ ಪದ್ಧತಿ) ಆರಿಸಿ, ಒಂದು ನಿಮಿಷದ ತುಣುಕು ಮಾಡಿ ನೋಡಿ. ಫೋನಿನಲ್ಲಿ 'ಎಚ್‌ಡಿಆರ್ ವಿಡಿಯೊ' ಆಫ್ ಮಾಡಿಟ್ಟರೆ ಈ ತಾಪತ್ರಯವೇ ಇಲ್ಲ. ಮನೆಯಲ್ಲಿ ಎಚ್‌ಡಿಆರ್ ಟಿವಿ ಇಲ್ಲದವರಿಗೆ ಅದರ ಉಪಯೋಗವೂ ಅಷ್ಟಕ್ಕಷ್ಟೆ.

ವಿಡಿಯೊ ಮಗ್ಗುಲಾಗಿ ಮಲಗಿದ್ದರೆ? ಫೋನು ಚಿತ್ರವನ್ನು ತಿರುಗಿಸುವುದಿಲ್ಲ, 'ತಿರುಗಿಸಿ ತೋರಿಸು' ಅಂತ ಚೀಟಿ ಅಂಟಿಸುತ್ತದೆ. ಹಳೆಯ ಟಿವಿ ಆ ಚೀಟಿ ಓದುವುದಿಲ್ಲ. ಹ್ಯಾಂಡ್‌ಬ್ರೇಕ್‌ನಲ್ಲಿ ಕನ್ವರ್ಟ್ ಮಾಡಿದರೆ ತಾನೇ ನೆಟ್ಟಗಾಗುತ್ತದೆ.

ಅರ್ಧಕ್ಕೆ ನಿಂತರೆ

ಮತ್ತೊಮ್ಮೆ ಓಡಿಸಿ. ಪ್ರತಿ ಸಲವೂ ಅದೇ ಜಾಗದಲ್ಲಿ ನಿಂತರೆ ಮೂಲ ಫೈಲ್ ಅಲ್ಲಿ ಕೆಟ್ಟಿದೆ. ವಿಎಲ್‌ಸಿಯಲ್ಲಿ ಆ ನಿಮಿಷಕ್ಕೆ ಹೋದರೆ ಚೌಕಚೌಕ ಕಾಣುತ್ತದೆ. ಆಗ ಕೆಟ್ಟ ಜಾಗದ ಹಿಂದಿನದ್ದನ್ನೂ ಮುಂದಿನದ್ದನ್ನೂ ಸೆಕೆಂಡ್ಸ್ ಕೊಟ್ಟು ಬೇರೆ ಬೇರೆ ಮಾಡಿಕೊಳ್ಳಿ. ಎರಡಕ್ಕೂ ಒಂದೇ ಸೆಟ್ಟಿಂಗ್ ಇರಲಿ. ಆಮೇಲೆ ಲಾಸ್‌ಲೆಸ್‌ಕಟ್‌ನಲ್ಲಿ ಜೋಡಿಸಿ.

ಒಂದೊಂದು ಸಲ ಒಂದೊಂದು ಕಡೆ ನಿಂತರೆ ಕಂಪ್ಯೂಟರನ್ನು ಅನುಮಾನಿಸಿ. ಎನ್‌ಕೋಡಿಂಗ್ ಪ್ರೊಸೆಸರ್‌ನ ಎಲ್ಲ ಕೋರ್‌ಗಳನ್ನೂ ಗಂಟೆಗಟ್ಟಲೆ ದುಡಿಸುತ್ತದೆ. ಲ್ಯಾಪ್‌ಟಾಪನ್ನು ಹಾಸಿಗೆ ಮೇಲೆ ಇಟ್ಟರೆ ಗಾಳಿ ಕಿಂಡಿ ಮುಚ್ಚಿ, ಬಿಸಿಯಾಗಿ ಆಫ್ ಆಗುತ್ತದೆ. ಗಟ್ಟಿ ಮೇಜಿನ ಮೇಲಿಡಿ, ಚಾರ್ಜರ್ ಹಾಕಿ, ಫ್ಯಾನಿನ ದೂಳು ತೆಗೆಸಿ. ಡಿಸ್ಕ್‌ನಲ್ಲಿ ಜಾಗ ಎಷ್ಟಿದೆ ನೋಡಿ. ಫೈಲ್ ಹೊರಗಿನ ಹಾರ್ಡ್ ಡಿಸ್ಕ್‌ನಲ್ಲೋ ಕ್ಲೌಡ್ ಫೋಲ್ಡರ್‌ನಲ್ಲೋ ಇದ್ದರೆ ಮೊದಲು ಕಂಪ್ಯೂಟರ್‌ಗೇ ಕಾಪಿ ಮಾಡಿಕೊಳ್ಳಿ. ಫೈಲ್ ಹೆಸರು ಕನ್ನಡದಲ್ಲಿದ್ದರೆ ಕೆಲವು ಹಳೆಯ ಸಾಫ್ಟ್‌ವೇರ್‌ಗಳು ಮುಗ್ಗರಿಸುತ್ತವೆ. ಅದು ಅವುಗಳ ದೋಷ, ನಿಜ. ಆದರೂ ಪರೀಕ್ಷೆಗೆ ಒಂದು ಚಿಕ್ಕ ಇಂಗ್ಲಿಷ್ ಹೆಸರು ಕೊಟ್ಟು ನೋಡಿ.

ತುಂಬಾ ನಿಧಾನ ಅನ್ನಿಸಿದರೆ ಎನ್‌ಕೋಡರ್ ಪಟ್ಟಿಯಲ್ಲಿ ಇಂಟೆಲ್ ಕ್ಯೂಎಸ್‌ವಿ, ಎನ್ವಿಡಿಯಾ ಎನ್‌ವಿಇಎನ್‌ಸಿ, ಎಎಂಡಿ ವಿಸಿಇ ಈ ಚಿಪ್‌ನೊಳಗಿನ ಎನ್‌ಕೋಡರ್‌ಗಳಲ್ಲಿ ನಿಮ್ಮಲ್ಲಿರುವುದನ್ನು ಆರಿಸಿ. ಎಷ್ಟೋ ಪಟ್ಟು ವೇಗ. ಅಷ್ಟೇ ಗುಣಮಟ್ಟಕ್ಕೆ ಫೈಲ್ ಸ್ವಲ್ಪ ದೊಡ್ಡದಾಗುತ್ತದೆ. ಮದುವೆ ವಿಡಿಯೊಗೆ ನಾನು ನಿಧಾನದ್ದನ್ನೇ ಆರಿಸುತ್ತೇನೆ, ವಾಟ್ಸಾಪ್‌ಗೆ ಕಳಿಸುವ ತುಣುಕಿಗೆ ವೇಗದ್ದು. ವಾಟ್ಸಾಪ್‌ನಲ್ಲಿ ಡಾಕ್ಯುಮೆಂಟ್ ಆಗಿ ಕಳಿಸಿ, ಇಲ್ಲದಿದ್ದರೆ ಅದು ಮತ್ತೆ ಹಿಂಡುತ್ತದೆ.

ಪೆನ್‌ಡ್ರೈವ್ ತಕರಾರು

ಜಾಗ ಖಾಲಿ ಇದ್ದರೂ 'ಫೈಲ್ ತುಂಬಾ ದೊಡ್ಡದು' ಅಂದರೆ ಪೆನ್‌ಡ್ರೈವ್ ಫ್ಯಾಟ್32ರಲ್ಲಿದೆ. ಅದರಲ್ಲಿ ಒಂದು ಫೈಲ್ 4 ಜಿಬಿ ಮುಟ್ಟುವಂತಿಲ್ಲ. ಎಕ್ಸ್‌ಫ್ಯಾಟ್‌ಗೆ ಫಾರ್ಮ್ಯಾಟ್ ಮಾಡಿ, ಒಳಗಿದ್ದದ್ದೆಲ್ಲ ಅಳಿಸಿಹೋಗುತ್ತದೆ ಅನ್ನುವುದು ನೆನಪಿರಲಿ. ಹಳೆಯ ಟಿವಿ ಎಕ್ಸ್‌ಫ್ಯಾಟ್ ಓದದಿದ್ದರೆ, ಲಾಸ್‌ಲೆಸ್‌ಕಟ್‌ನಲ್ಲಿ ವಿಡಿಯೊವನ್ನೇ ಎರಡು ತುಂಡು ಮಾಡಬಹುದು.

ಕನ್ನಡ ಸಬ್‌ಟೈಟಲ್ ಬದಲು ಚೌಕಗಳು

ಮೊದಲು ಎಸ್‌ಆರ್‌ಟಿ ಫೈಲನ್ನು (ಸಬ್‌ಟೈಟಲ್ ಬರೆದಿರುವ ಫೈಲ್) ನೋಟ್‌ಪ್ಯಾಡ್‌ನಲ್ಲಿ ತೆರೆಯಿರಿ. ಅಲ್ಲೇ ಅರ್ಥವಾಗದ ರೋಮನ್ ಅಕ್ಷರ, ಚಿಹ್ನೆಗಳು ಕಂಡರೆ ಅದು ನುಡಿ ಅಥವಾ ಬರಹ ಸಾಫ್ಟ್‌ವೇರ್‌ನ ಹಳೆಯ ಆಸ್ಕಿ ಅಕ್ಷರಗಳಲ್ಲಿ ಟೈಪ್ ಆಗಿದೆ. ಯುನಿಕೋಡ್‌ಗೆ ಬದಲಿಸದೆ ಬೇರೆ ದಾರಿಯಿಲ್ಲ. ಕನ್ನಡ ಸರಿಯಾಗಿ ಕಂಡರೆ, 'ಸೇವ್ ಆ್ಯಸ್' ಒತ್ತಿ ಎನ್‌ಕೋಡಿಂಗ್ ಯುಟಿಎಫ್-8 ಮಾಡಿ ಉಳಿಸಿ.

ವಿಎಲ್‌ಸಿಯಲ್ಲಿ ಪ್ರಿಫರೆನ್ಸಸ್, ಸಬ್‌ಟೈಟಲ್ಸ್ ಪುಟದಲ್ಲಿ ಎನ್‌ಕೋಡಿಂಗ್ ಯುಟಿಎಫ್-8, ಫಾಂಟ್ ನಿರ್ಮಲಾ ಯುಐ ಅಥವಾ ನೋಟೊ ಸ್ಯಾನ್ಸ್ ಕನ್ನಡ ಕೊಡಿ. ಕಂಪ್ಯೂಟರ್‌ನಲ್ಲಿ ಇಷ್ಟಕ್ಕೆ ಮುಗಿಯುತ್ತದೆ.

ಟಿವಿಯ ಜೊತೆ ಗುದ್ದಾಡಬೇಡಿ. ಎಷ್ಟೋ ಟಿವಿಗಳ ವಿಡಿಯೊ ಪ್ಲೇಯರ್‌ನಲ್ಲಿ ಕನ್ನಡ ಫಾಂಟೇ ಇರುವುದಿಲ್ಲ. ಇದ್ದರೂ ಒತ್ತಕ್ಷರ ಪಕ್ಕಕ್ಕೆ ಬಂದು ಕೂರುತ್ತದೆ. ಹ್ಯಾಂಡ್‌ಬ್ರೇಕ್‌ನ ಸಬ್‌ಟೈಟಲ್ಸ್ ಪುಟದಲ್ಲಿ ಎಸ್‌ಆರ್‌ಟಿ ಸೇರಿಸಿ 'ಬರ್ನ್ ಇನ್' ಗುರುತು ಹಾಕಿ. ಅಕ್ಷರಗಳು ಚಿತ್ರದ ಭಾಗವೇ ಆಗಿಬಿಡುತ್ತವೆ. ಮತ್ತೆ ತೆಗೆಯಲು ಬರುವುದಿಲ್ಲ, ಹಾಗಾಗಿ ಸಬ್‌ಟೈಟಲ್ ಇಲ್ಲದ ಪ್ರತಿಯನ್ನೂ ಇಟ್ಟುಕೊಳ್ಳಿ. ಇಲ್ಲೂ ಒಂದು ನಿಮಿಷದ ತುಣುಕು ಮೊದಲು. ಒತ್ತಕ್ಷರ ಸರಿಯಾಗಿ ಕೂತಿದೆಯಾ ನೋಡಿ.

ಫೈಲ್ ತೆರೆಯುವುದೇ ಇಲ್ಲ

ರೆಕಾರ್ಡ್ ಮಾಡುತ್ತಿರುವಾಗ ಬ್ಯಾಟರಿ ಹೋದರೆ ಅಥವಾ ಕಾರ್ಡ್ ತುಂಬಿದರೆ ಹೀಗಾಗುತ್ತದೆ. ಎಂಪಿ4ನಲ್ಲಿ ಯಾವ ಫ್ರೇಮ್ ಎಲ್ಲಿದೆ ಅನ್ನುವ ಪಟ್ಟಿಯನ್ನು ಕ್ಯಾಮೆರಾ ಸಾಮಾನ್ಯವಾಗಿ ಕೊನೆಗೆ ಬರೆಯುತ್ತದೆ. ಆ ಪಟ್ಟಿಗೆ ಮೂವ್ ಆಟಮ್ ಅಂತಾರೆ. ಅದಿಲ್ಲದಿದ್ದರೆ ಫೈಲ್ 2 ಜಿಬಿ ಇದ್ದರೂ ಯಾವ ಪ್ಲೇಯರ್‌ಗೂ ಅರ್ಥವಾಗದು, ಯಾವ ಕನ್ವರ್ಟರ್‌ಗೂ ಅರ್ಥವಾಗದು. ಅನ್‌ಟ್ರಂಕ್ ಅನ್ನುವ ಬಿಟ್ಟಿ ಸಾಫ್ಟ್‌ವೇರ್ ಇದೆ. ಅದೇ ಕ್ಯಾಮೆರಾದಲ್ಲಿ, ಅದೇ ಸೆಟ್ಟಿಂಗ್‌ನಲ್ಲಿ ತೆಗೆದ ಒಂದು ಒಳ್ಳೆಯ ವಿಡಿಯೊ ಕೊಟ್ಟರೆ, ಅದನ್ನು ನೋಡಿಕೊಂಡು ಕೆಟ್ಟದ್ದರ ಪಟ್ಟಿಯನ್ನು ಮತ್ತೆ ಕಟ್ಟಲು ನೋಡುತ್ತದೆ. ಅಲ್ಲಿಯವರೆಗೆ ಆ ಮೆಮೊರಿ ಕಾರ್ಡ್‌ನಲ್ಲಿ ಬೇರೇನೂ ರೆಕಾರ್ಡ್ ಮಾಡಬೇಡಿ.

ಮೂಲ ಅಳಿಸುವ ಮೊದಲು

ಹೊಸ ಫೈಲಿನ ಶುರು, ನಡು, ಕೊನೆ ಮೂರೂ ನೋಡಿ. ಆಮೇಲೆ ಹಳೆಯದು ಹೊಸದು ಎರಡನ್ನೂ ಮೀಡಿಯಾಇನ್ಫೋದಲ್ಲಿ ತೆರೆದು ಡ್ಯುರೇಷನ್ ಸಾಲು ಹೋಲಿಸಿ. ಅರ್ಧ ಸೆಕೆಂಡ್ ಆಚೀಚೆ ಇದ್ದರೆ ಪರವಾಗಿಲ್ಲ. ಹತ್ತು ನಿಮಿಷ ಕಡಿಮೆ ಇದ್ದರೆ ಎಲ್ಲೋ ಒಂದು ವಿಒಬಿ ಹಿಂದೆ ಉಳಿದಿದೆ, ಅಥವಾ ಪರೀಕ್ಷೆಗೆ ಕೊಟ್ಟ ಸೆಕೆಂಡ್ಸ್ ಹಾಗೇ ಇದೆ.